ಕುಮ್ಮಟದುರ್ಗದ ಪತನ

೧

ಕರ್ನಾಟಕದ ಇತಿಹಾಸವನ್ನು ಓದುವ ವಿದ್ಯಾರ್ಥಿಗಳಿಗೆ ಕ್ರಿ.ಶ. ೧೩೩೬ ಎಂಬ ವರ್ಷವು ಪರಿಚಿತವಾದುದು. ವಿಜಯನಗರದ ಸ್ಥಾಪನೆಯನ್ನು ಪರಂಪರೆಯು ಆ ವರ್ಷಕ್ಕೆ ಹೊಂದಿಸಿದೆ. ಆದರೆ ಅದಕ್ಕೆ ಒಂಬತ್ತು ವರ್ಷಗಳ ಹಿಂದೆ, ಕ್ರಿ.ಶ. ೧೩೨೭ರ ಸುಮಾರಿನಲ್ಲಿ, ಅದೇ ತುಂಗಭದ್ರೆಯ ಉತ್ತರದ ಬೆಟ್ಟಗಳಲ್ಲಿ ಒಂದು ಕೋಟೆ ಬಿದ್ದಿತು. ಅದರೊಡನೆ ಒಂದು ಚಿಕ್ಕ ರಾಜ್ಯವೂ ಅಳಿಯಿತು. ಆ ಕೋಟೆಯೇ ಕುಮ್ಮಟದುರ್ಗ. ಆ ರಾಜ್ಯವೇ ಕಂಪಿಲಿ. ಪಠ್ಯಗ್ರಂಥಗಳಲ್ಲಿ ಈ ಸಂಗತಿಗೆ ದೊರೆಯುವುದು ಸಾಮಾನ್ಯವಾಗಿ ಎರಡು ಮೂರು ಪಂಕ್ತಿಗಳು ಮಾತ್ರ. ಜನರ ನೆನಪಿನಲ್ಲಾದರೋ ಕುಮಾರರಾಮನ ಹೆಸರು ವಿಜಯನಗರದ ಎಷ್ಟೋ ಅರಸರ ಹೆಸರುಗಳಿಗಿಂತ ಆಳವಾಗಿ ಬೇರೂರಿದೆ. ಪುಸ್ತಕದ ಚರಿತ್ರೆಗೂ ಜನರ ನೆನಪಿಗೂ ನಡುವೆ ಇಷ್ಟು ಅಂತರವಿರುವಾಗ, ಆ ಅಂತರಕ್ಕೆ ಕಾರಣವೇನೆಂದು ವಿಚಾರಿಸುವುದು ನಮ್ಮ ಕರ್ತವ್ಯವಾಗುತ್ತದೆ.

ಕುಮ್ಮಟದುರ್ಗವು ಇಂದಿನ ಕೊಪ್ಪಳ ಜಿಲ್ಲೆಯ ಗಂಗಾವತಿ ಪರಿಸರದಲ್ಲಿ, ಜಬ್ಬಲಗುಡ್ಡ ಗ್ರಾಮದ ಸಮೀಪದ ಬೆಟ್ಟಗಳಲ್ಲಿದೆ. ಗಂಗಾವತಿಯ ಬಳಿಯ ಹೇಮಗುಡ್ಡ, ನದೀತೀರದ ಆನೆಗೊಂದಿ, ದಕ್ಷಿಣ ದಡದ ಕಂಪಿಲಿ, ಇವೆಲ್ಲವೂ ಒಂದೇ ರಕ್ಷಣಾವ್ಯೂಹದ ಅಂಗಗಳೆಂದು ತಿಳಿಯಬೇಕು. ರಾಜ್ಯಕ್ಕೆ ಹೆಸರನ್ನು ಕೊಟ್ಟುದು ಬಯಲಿನ ಕಂಪಿಲಿ. ಪ್ರಾಣವನ್ನು ಕಾಯುವ ಹೊಣೆಯನ್ನು ಹೊತ್ತುದು ಬೆಟ್ಟದ ಕುಮ್ಮಟ.

ಈ ಕೋಟೆಯ ವಿಷಯವಾದ ಸಂಶೋಧನೆಯು ನಿಧಾನವಾಗಿ ಸಾಗಿದುದಕ್ಕೆ ಒಂದು ಆಧುನಿಕ ಕಾರಣವೂ ಉಂಟು. ತುಂಗಭದ್ರೆಯು ಬಹುಕಾಲ ಎರಡು ಆಡಳಿತಗಳ ಗಡಿಯಾಗಿದ್ದಿತು. ಕುಮ್ಮಟ ಮತ್ತು ಆನೆಗೊಂದಿಗಳು ಹೈದರಾಬಾದು ನಿಜಾಮನ ಸೀಮೆಯಲ್ಲಿದ್ದುವು. ಕಂಪಿಲಿ ಮತ್ತು ಹಂಪೆಗಳು ಮದ್ರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದುವು. ಕುಮಾರರಾಮನ ಕಥೆಯನ್ನು ಹಾಡಿ ಉಳಿಸಿಕೊಂಡ ಪ್ರದೇಶದ ಬಹುಭಾಗವು ಮೈಸೂರು ಸಂಸ್ಥಾನದಲ್ಲಿದ್ದಿತು. ಕೋಟೆ ಒಂದೆಡೆ, ಶಾಸನ ಒಂದೆಡೆ, ಕಾವ್ಯ ಒಂದೆಡೆ. ೧೯೫೬ರಲ್ಲಿ ಈ ಮೂರು ಸೀಮೆಗಳೂ ಒಂದೇ ರಾಜ್ಯಕ್ಕೆ ಸೇರಿದ ಮೇಲೆಯೇ ಇವನ್ನು ಒಟ್ಟಿಗೆ ನೋಡುವುದು ಸುಲಭವಾಯಿತು. ೧೯೯೭ರಲ್ಲಿ ರಾಯಚೂರಿನಿಂದ ಕೊಪ್ಪಳವು ಬೇರೆ ಜಿಲ್ಲೆಯಾಯಿತು.

ಈ ಲೇಖನದಲ್ಲಿ ನಾವು ಒಂದು ಸೀಮಿತವಾದ ಪ್ರಶ್ನೆಯನ್ನು ಮಾತ್ರ ಎತ್ತಿಕೊಳ್ಳುತ್ತೇವೆ: ಕುಮ್ಮಟದುರ್ಗವು ಏಕೆ ಬಿದ್ದಿತು? ಈ ಪ್ರಶ್ನೆಗೆ ಹಳಬರು ಕೊಟ್ಟಿರುವ ಉತ್ತರಗಳು ಹಲವು. ಅವು ಒಂದನ್ನೊಂದು ಹೋಲುವುದಿಲ್ಲ. ಯಾವ ಉತ್ತರವು ಯಾರ ಬಾಯಿಂದ, ಎಷ್ಟು ಕಾಲದ ಮೇಲೆ, ಯಾವ ಉದ್ದೇಶದಿಂದ ಬಂದುದೆಂಬುದನ್ನು ಗಮನಿಸಿದರೆ ಮಾತ್ರ ನಾವು ಮುಂದುವರಿಯಬಹುದು.

೨

ಮೊದಲು ರಾಜ್ಯದ ಹುಟ್ಟನ್ನು ಸಂಕ್ಷೇಪವಾಗಿ ನೋಡೋಣ. ೧೩ನೆಯ ಶತಮಾನದ ಕೊನೆಯಲ್ಲಿ ಈ ಪ್ರದೇಶವು ದೇವಗಿರಿಯ ಸೇವುಣರಿಗೂ ದೋರಸಮುದ್ರದ ಹೊಯ್ಸಳರಿಗೂ ನಡುವಣ ಕಾದಾಟದ ನೆಲವಾಗಿದ್ದಿತು. ಮುಮ್ಮಡಿ ಸಿಂಗೆಯನಾಯಕನೆಂಬವನು ಇಲ್ಲಿ ಪ್ರಬಲನಾಗಿ ನಿಂತನು. ಅವನ ಮಗನೇ ಕಂಪಿಲದೇವ. ೧೪ನೆಯ ಶತಮಾನದ ಆರಂಭದ ವರ್ಷಗಳಲ್ಲಿ ಕಂಪಿಲದೇವನು ಸೇವುಣರ ಪಕ್ಷದಲ್ಲಿ ನಿಂತು ಹೊಯ್ಸಳ ಮೂರನೆಯ ಬಲ್ಲಾಳನ ದಂಡನಾಯಕರೊಡನೆ ಹೋರಾಡಿದನು. ೧೩೧೮ರ ಹೊತ್ತಿಗೆ ದಿಲ್ಲಿಯ ಖಿಲ್ಜಿ ಸುಲ್ತಾನರು ದೇವಗಿರಿಯನ್ನು ಸಂಪೂರ್ಣವಾಗಿ ತಮ್ಮ ವಶಕ್ಕೆ ತೆಗೆದುಕೊಂಡರು. ಒಡೆಯನು ಅಳಿದ ಮೇಲೆ ಸಾಮಂತನು ತಾನೇ ಒಡೆಯನಾಗುವುದು ಮಧ್ಯಯುಗದ ರಾಜಕೀಯದಲ್ಲಿ ಹೊಸದಲ್ಲ. ಕಂಪಿಲನೂ ಹಾಗೆಯೇ ಮಾಡಿದನು. ಉತ್ತರದಲ್ಲಿ ದಿಲ್ಲಿಯ ಪ್ರಾಂತಾಧಿಕಾರಿಗಳು, ದಕ್ಷಿಣದಲ್ಲಿ ಬಲ್ಲಾಳ, ಪೂರ್ವದಲ್ಲಿ ಓರುಗಲ್ಲಿನ ಕಾಕತೀಯರು. ಇವರ ನಡುವೆ ಅವನಿಗೆ ಉಳಿದುದು ಕಲ್ಲುಬೆಟ್ಟಗಳ ಆಸರೆ.

ಈ ವಂಶದ ವಿಷಯವಾಗಿ ನಮಗೆ ದೊರೆತಿರುವ ಸಮಕಾಲೀನ ಸಾಕ್ಷ್ಯಗಳಲ್ಲಿ ಒಂದು ಹಂಪೆಯ ಹೇಮಕೂಟದ ಮೇಲಿದೆ. ಅಲ್ಲಿಯ ಕಣಶಿಲೆಯ ತ್ರಿಕೂಟ ದೇವಾಲಯವೊಂದರ ಶಾಸನವು, ಮುಮ್ಮಡಿ ಸಿಂಗೆಯನಾಯಕನ ಮಗನಾದ ವೀರ ಕಂಪಿಲದೇವನು ಆ ಶಿವಾಲಯವನ್ನು ಕಟ್ಟಿಸಿ, ತನ್ನ ತಂದೆ, ತಾಯಿ ಹಾಗೂ ಪೆರುಮೆಯನಾಯಕ, ಈ ಮೂವರ ನೆನಪಿಗಾಗಿ ಮೂರು ಲಿಂಗಗಳನ್ನು ಪ್ರತಿಷ್ಠಿಸಿದನೆಂದು ತಿಳಿಸುತ್ತದೆ. ವಿಜಯನಗರವೆಂಬ ಹೆಸರು ಹುಟ್ಟುವ ಮೊದಲೇ ಹಂಪೆಯ ಬೆಟ್ಟದ ಮೇಲೆ ಎದ್ದ ಗುಡಿ ಇದು. ಇದರಲ್ಲಿ ಯುದ್ಧದ ಆಡಂಬರವಿಲ್ಲ, ಬಿರುದುಗಳ ಮಳೆಯಿಲ್ಲ. ತಂದೆತಾಯಿಗಳನ್ನು ನೆನೆದ ಒಬ್ಬ ಮಗನ ಮಾತು ಮಾತ್ರ ಇದೆ. ಕಥೆಗಳಲ್ಲಿ ಬರುವ ಕಂಪಿಲರಾಯನನ್ನು, ಕಿರಿಯ ರಾಣಿಯ ಮಾತಿಗೆ ಮರುಳಾಗಿ ಹೆತ್ತ ಮಗನ ತಲೆಯನ್ನು ತರಿಸಲು ಹೊರಟ ಅರಸನನ್ನು, ಓದುವಾಗ ಈ ಶಾಸನವನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

೩

ಇನ್ನು ಯುದ್ಧದ ಕಾರಣಕ್ಕೆ ಬರೋಣ. ದಿಲ್ಲಿಯಲ್ಲಿ ಮಹಮ್ಮದ ಬಿನ್ ತುಘಲಕನು ೧೩೨೫ರಲ್ಲಿ ಪಟ್ಟವನ್ನೇರಿದನು. ಅವನ ತಂದೆಯ ಸೋದರಿಯ ಮಗನಾದ ಬಹಾಉದ್ದೀನ್ ಗುರ್ಶಾಸ್ಪನು ಸಗರದಲ್ಲಿ ಅಧಿಕಾರಿಯಾಗಿದ್ದನು. ಈ ಸಗರವು ಇಂದಿನ ಯಾದಗಿರಿ ಜಿಲ್ಲೆಯ ಶಹಾಪುರದ ಸಮೀಪದ ಊರು. ಗುರ್ಶಾಸ್ಪನು ಹೊಸ ಸುಲ್ತಾನನಿಗೆ ವಿಧೇಯನಾಗಿರಲು ಒಪ್ಪದೆ ದಂಗೆಯೆದ್ದನು. ದೇವಗಿರಿಯ ಕಡೆ ಸಾಗಿ ಸೋತನು. ಸಗರಕ್ಕೆ ಓಡಿಬಂದು, ಅಲ್ಲಿಯೂ ನಿಲ್ಲಲಾರದೆ, ಹೆಂಡಿರು ಮಕ್ಕಳೊಡನೆ ಕಂಪಿಲನ ಆಶ್ರಯವನ್ನು ಬೇಡಿದನು. ಕಂಪಿಲನು ಆಶ್ರಯವನ್ನಿತ್ತನು. ಸುಲ್ತಾನನ ಸೇನೆ ಬೆನ್ನಟ್ಟಿ ಬಂದಿತು.

ಇಲ್ಲಿಂದ ಮುಂದಿನ ವೃತ್ತಾಂತವನ್ನು ಹೇಳುವವರಲ್ಲಿ ಮೂವರು ಮುಖ್ಯರು. ಮೊದಲನೆಯವನು ಇಸಾಮಿ. ಅವನು ತನ್ನ 'ಫುತೂಹ್ ಉಸ್ ಸಲಾತೀನ್' ಎಂಬ ಪಾರಸಿ ಕಾವ್ಯವನ್ನು ೧೩೫೦ರಲ್ಲಿ, ಬಹಮನೀ ರಾಜ್ಯದ ಸ್ಥಾಪಕನ ಆಶ್ರಯದಲ್ಲಿ ಮುಗಿಸಿದನು. ಆ ಆಶ್ರಯದಾತನು ಮಹಮ್ಮದ ತುಘಲಕನ ವಿರುದ್ಧ ಎದ್ದ ಬಂಡಾಯದ ಫಲವಾಗಿ ದೊರೆಯಾದವನು. ಆದುದರಿಂದ ಇಸಾಮಿಗೆ ತುಘಲಕನ ಮೇಲೆ ಮಮತೆಯಿರಲು ಕಾರಣವಿಲ್ಲ. ಆದರೆ ಅವನು ದಖ್ಖಣದಲ್ಲಿದ್ದುಕೊಂಡು, ಘಟನೆ ನಡೆದ ೨೩ ವರ್ಷಗಳಲ್ಲಿ ಬರೆದವನು, ಸ್ಥಳನಾಮಗಳನ್ನು ಬಲ್ಲವನು. ಕುಮ್ಮಟದ ಹೆಸರನ್ನೂ, ಕುಮ್ಮಟವು ಬಿದ್ದ ಮೇಲೆ ಕಂಪಿಲನು ಹೊಕ್ಕ ಹೊಸದುರ್ಗದ ಹೆಸರನ್ನೂ ಅವನು ಕೊಡುತ್ತಾನೆ. ಈ ಹೊಸದುರ್ಗವನ್ನು ಅನೇಕ ವಿದ್ವಾಂಸರು ಆನೆಗೊಂದಿಯೆಂದು ಗುರುತಿಸಿದ್ದಾರೆ.

ಎರಡನೆಯವನು ಮೊರಾಕೋ ದೇಶದ ಪ್ರವಾಸಿ ಇಬ್ನ್ ಬತೂತ. ಅವನು ದಿಲ್ಲಿಗೆ ಬಂದುದು ೧೩೩೪ರಲ್ಲಿ. ಎಂದರೆ ಕೋಟೆ ಬಿದ್ದು ಏಳು ವರ್ಷಗಳಾದ ಮೇಲೆ. ತನ್ನ ಪ್ರವಾಸಕಥನವನ್ನು ಅವನು ಬರೆಯಿಸಿದುದು ಇನ್ನೂ ಇಪ್ಪತ್ತು ವರ್ಷಗಳ ತರುವಾಯ, ತನ್ನ ನಾಡಿಗೆ ಮರಳಿದ ಮೇಲೆ. ಆದುದರಿಂದ ಅವನು ಪ್ರತ್ಯಕ್ಷಸಾಕ್ಷಿಯಲ್ಲ. ಆದರೂ ಅವನ ಹೇಳಿಕೆಗೆ ವಿಶೇಷವಾದ ಬೆಲೆಯುಂಟು. ಕಾರಣವನ್ನು ಮುಂದೆ ಹೇಳುತ್ತೇವೆ.

ಮೂರನೆಯವನು ಫಿರಿಸ್ತ. ಇವನು ೧೭ನೆಯ ಶತಮಾನದ ಆದಿಯಲ್ಲಿ ಬಿಜಾಪುರದಲ್ಲಿ ಕುಳಿತು ಬರೆದವನು. ಇವನು ಕೊಡುವ ತೇದಿಗಳನ್ನು ಎಚ್ಚರಿಕೆಯಿಂದ ಬಳಸಬೇಕು. ಆದರೆ ದಿಲ್ಲಿಯ ಸೇನೆಯು ಎರಡು ಬಾರಿ ಸೋತು, ದೇವಗಿರಿಯಿಂದ ಹೊಸ ಬಲವು ಬಂದ ಮೇಲೆ, ಮೂರನೆಯ ಸಲ ಜಯಿಸಿತೆಂಬ ಅವನ ಮಾತು ಗಮನಾರ್ಹವಾದುದು. ಗೆದ್ದವರ ಪರಂಪರೆಯಲ್ಲಿ ನಿಂತು ಬರೆಯುವವನು ತನ್ನವರ ಎರಡು ಸೋಲುಗಳನ್ನು ಸುಮ್ಮನೆ ಕಲ್ಪಿಸಿಕೊಳ್ಳಲಾರನು. ಕುಮ್ಮಟವು ಒಂದೇ ಪೆಟ್ಟಿಗೆ ಬಿದ್ದ ಕೋಟೆಯಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕನ್ನಡದ ಕಾವ್ಯಗಳೂ ದಿಲ್ಲಿಯ ದಂಡು ಒಂದಕ್ಕಿಂತ ಹೆಚ್ಚು ಬಾರಿ ಬಂದು ಹಿಂದಿರುಗಿತೆಂದೇ ಹೇಳುತ್ತವೆ. ಪರಸ್ಪರ ಪರಿಚಯವಿಲ್ಲದ ಎರಡು ಪರಂಪರೆಗಳು ಒಂದೇ ಮಾತನ್ನು ಆಡಿದಾಗ ಅದನ್ನು ನಂಬಲು ಆಧಾರವಿದೆ.

೪

ಈಗ ಇಬ್ನ್ ಬತೂತನ ಹೇಳಿಕೆಯನ್ನು ಪರಿಶೀಲಿಸೋಣ. ಅವನ ಪ್ರಕಾರ, ಮುತ್ತಿಗೆಯು ಬಿಗಿಯಾಗುತ್ತ ಬಂದಂತೆ ಕೋಟೆಯೊಳಗಿನ ಧಾನ್ಯವು ಮುಗಿಯಿತು. ತಾನು ಸೆರೆ ಸಿಕ್ಕುವೆನೆಂದು ಅರಿತ ರಾಯನು ಗುರ್ಶಾಸ್ಪನನ್ನು ಕರೆದು, ನಮ್ಮ ಸ್ಥಿತಿಯು ನಿನಗೆ ಕಾಣುತ್ತಲೇ ಇದೆ, ನಾನು ನನ್ನವರೊಡನೆ ಸಾಯಲು ನಿಶ್ಚಯಿಸಿದ್ದೇನೆ, ನೀನು ಮತ್ತೊಬ್ಬ ಅರಸನಲ್ಲಿಗೆ ಹೋಗು, ಅವನು ನಿನ್ನನ್ನು ಕಾಪಾಡುವನು ಎಂಬ ಅರ್ಥದ ಮಾತುಗಳನ್ನು ಹೇಳಿ, ಅವನನ್ನು ಜೊತೆಗಾರರೊಡನೆ ಕಳುಹಿಸಿದನು. ಅನಂತರ ದೊಡ್ಡ ಬೆಂಕಿಯನ್ನು ಹೊತ್ತಿಸಲಾಯಿತು. ಅಂತಃಪುರದ ಸ್ತ್ರೀಯರೂ, ಮಂತ್ರಿಗಳ ಹಾಗೂ ಪ್ರಮುಖರ ಹೆಂಡಿರೂ ಮಿಂದು, ಗಂಧವನ್ನು ಲೇಪಿಸಿಕೊಂಡು, ಅರಸನ ಮುಂದೆ ನೆಲವನ್ನು ಮುಟ್ಟಿ ನಮಿಸಿ ಬೆಂಕಿಗೆ ಬಿದ್ದರು. ಗಂಡಸರೂ ಮಿಂದು, ಗಂಧವನ್ನು ಪೂಸಿಕೊಂಡು, ಎದೆಗವಚಗಳನ್ನು ತೊಡದೆ ಆಯುಧಗಳನ್ನು ಹಿಡಿದು ಹೊರಬಿದ್ದು ಹೋರಾಡಿ ಮಡಿದರು.

ಈ ವರ್ಣನೆಯನ್ನು ಪ್ರವಾಸಿಯ ಅತಿಶಯೋಕ್ತಿಯೆಂದು ತಳ್ಳಿಬಿಡಬಹುದೆ? ಅವನ ಮುಂದಿನ ಮಾತುಗಳನ್ನು ಓದಿದರೆ ಹಾಗೆ ಮಾಡಲು ಮನಸ್ಸು ಬರುವುದಿಲ್ಲ. ಕಂಪಿಲರಾಯನ ಹನ್ನೊಂದು ಮಂದಿ ಮಕ್ಕಳು ಸೆರೆಯಾಗಿ ಸುಲ್ತಾನನ ಬಳಿಗೆ ಒಯ್ಯಲ್ಪಟ್ಟರೆಂದೂ, ಅವರೆಲ್ಲರೂ ಇಸ್ಲಾಮನ್ನು ಸ್ವೀಕರಿಸಿದರೆಂದೂ, ಅವರ ಕುಲವನ್ನೂ ತಂದೆಯ ನಡತೆಯನ್ನೂ ಮನ್ನಿಸಿ ಸುಲ್ತಾನನು ಅವರಿಗೆ ಅಮೀರರ ಪದವಿಯನ್ನು ಕೊಟ್ಟನೆಂದೂ ಅವನು ಹೇಳುತ್ತಾನೆ. ಅವರಲ್ಲಿ ಮೂವರನ್ನು ತಾನೇ ಕಂಡಿದ್ದುದಾಗಿ ತಿಳಿಸುತ್ತಾನೆ: ನಾಸರ್, ಬಖ್ತಿಯಾರ್, ಮತ್ತು ಸುಲ್ತಾನನು ಕುಡಿಯುವ ನೀರಿನ ಮೇಲೆ ಹಾಕುವ ಮುದ್ರೆಯನ್ನು ಕಾಯುತ್ತಿದ್ದ ಒಬ್ಬ ಅಧಿಕಾರಿ. ಈ ಮೂರನೆಯವನಿಗೆ ಅಬೂ ಮುಸ್ಲಿಂ ಎಂಬ ಹೆಸರಿದ್ದಿತು. ಅವನೊಡನೆ ತನಗೆ ಸ್ನೇಹವಿದ್ದಿತೆಂದು ಪ್ರವಾಸಿಯು ಬರೆಯಿಸಿದ್ದಾನೆ.

ಈ ಸ್ನೇಹದ ಮಾತಿನಲ್ಲಿಯೇ ಈ ಸಾಕ್ಷ್ಯದ ಬೆಲೆಯಿದೆ. ಕೋಟೆಯೊಳಗಿನ ಹಸಿವನ್ನು ಹೊರಗಿನ ದಂಡಾಳುಗಳು ಊಹಿಸಬಲ್ಲರೇ ಹೊರತು ಕಾಣಲಾರರು. ಬೆಂಕಿಯ ಮುಂದೆ ನಡೆದ ವಿಧಿಗಳನ್ನು ಬಲ್ಲವರು ಒಳಗಿದ್ದವರು ಮಾತ್ರ. ಇಬ್ನ್ ಬತೂತನು ಈ ವಿವರಗಳನ್ನು ಕಂಪಿಲನ ಮಕ್ಕಳಿಂದಲೇ ಕೇಳಿದನೆಂದು ಎಲ್ಲಿಯೂ ಹೇಳಿಲ್ಲ. ಅದು ನಮ್ಮ ಊಹೆ. ಆದರೆ ಸಂಭವನೀಯವಾದ ಊಹೆ. ತಾಯಿಯರನ್ನು ಬೆಂಕಿಯಲ್ಲಿಯೂ ತಂದೆಯನ್ನು ಕತ್ತಿಯ ಬಾಯಲ್ಲಿಯೂ ಕಳೆದುಕೊಂಡು, ಏಳು ವರ್ಷಗಳ ತರುವಾಯ, ಅದೇ ಸುಲ್ತಾನನ ಕುಡಿಯುವ ನೀರಿಗೆ ವಿಷ ಬೀಳದಂತೆ ಮುದ್ರೆಯನ್ನು ಕಾಯುತ್ತಿದ್ದ ಆ ಮಗನ ಸ್ಥಿತಿಯನ್ನು ವಿಚಾರಶೀಲರಾದ ಓದುಗರು ತಾವೇ ಊಹಿಸಿಕೊಳ್ಳಬಹುದು. ನಮ್ಮ ಕಥೆಗಳು ಕೋಟೆಯೊಡನೆ ಮಡಿದ ಕುಮಾರನನ್ನು ನೆನೆದುವು. ಬದುಕಿ ಉಳಿದ ಕುಮಾರರನ್ನು ನೆನೆದವನು ದೂರದೇಶದ ಈ ಪ್ರವಾಸಿ.

ಗುರ್ಶಾಸ್ಪನ ಗತಿಯನ್ನೂ ಇಲ್ಲಿಯೇ ಹೇಳಿಬಿಡಬೇಕು. ಅವನು ಹೊಯ್ಸಳ ಬಲ್ಲಾಳನಲ್ಲಿಗೆ ಹೋದನು. ದಿಲ್ಲಿಯ ದಂಡು ಅಲ್ಲಿಗೂ ಬಂದಿತು. ಕಂಪಿಲನಿಗೆ ಒದಗಿದ ಗತಿಯನ್ನು ಕಂಡಿದ್ದ ಬಲ್ಲಾಳನು ಅತಿಥಿಯನ್ನು ಹಿಡಿದು ಒಪ್ಪಿಸಿದನು. ಸುಲ್ತಾನನು ಅವನ ಚರ್ಮವನ್ನು ಸುಲಿಸಿ, ಅದನ್ನು ತುಂಬಿಸಿ ನಾಡು ನಾಡುಗಳಲ್ಲಿ ಮೆರೆಯಿಸಿದನು. ಅದು ಸಿಂಧ್ ಪ್ರಾಂತಕ್ಕೆ ಬಂದಾಗ ಅಲ್ಲಿಯ ಅಧಿಕಾರಿ ಕಿಶ್ಲು ಖಾನನು ಅದನ್ನು ಹೂಳಿಸಿದನೆಂದೂ, ಇದರಿಂದ ಸುಲ್ತಾನನು ಕೆರಳಿದನೆಂದೂ, ಅಲ್ಲಿಂದ ಮತ್ತೊಂದು ದಂಗೆಯು ಹುಟ್ಟಿತೆಂದೂ ಇಬ್ನ್ ಬತೂತನು ಹೇಳುತ್ತಾನೆ. ತುಂಗಭದ್ರೆಯ ತೀರದ ಒಂದು ಆಶ್ರಯದಾನದ ಅಲೆಯು ಸಿಂಧೂ ತೀರದವರೆಗೆ ಹಬ್ಬಿದುದನ್ನು ಇಲ್ಲಿ ಕಾಣುತ್ತೇವೆ.

ಬಲ್ಲಾಳನನ್ನು ಹೇಡಿಯೆಂದೂ ಕಂಪಿಲನನ್ನು ಧೀರನೆಂದೂ ಕರೆದು ಮುಗಿಸುವುದು ಸುಲಭ. ಆದರೆ ಬಲ್ಲಾಳನ ಪ್ರಜೆಗಳು ಆ ವರ್ಷ ಉಳಿದುಕೊಂಡರೆಂಬುದನ್ನೂ, ಕಂಪಿಲನ ಪ್ರಜೆಗಳು ಸೆರೆ ಹೋದರೆಂಬುದನ್ನೂ ಚರಿತ್ರಕಾರನು ಮರೆಯುವಂತಿಲ್ಲ. ಒಬ್ಬ ಅತಿಥಿಗಾಗಿ ಒಂದು ನಾಡನ್ನೇ ಪಣಕ್ಕೊಡ್ಡುವ ಅಧಿಕಾರವು ಅರಸನಿಗೆ ಉಂಟೆ? ಈ ಪ್ರಶ್ನೆಯು ಕುಮ್ಮಟದ ಕಥೆಯ ನಡುವೆಯೇ ನಿಂತಿದೆ. ನಮ್ಮ ಕವಿಗಳು ಅದನ್ನು ನೇರವಾಗಿ ಎತ್ತಿಕೊಳ್ಳಲಿಲ್ಲ.

೫

ಕನ್ನಡದ ಕವಿಗಳು ಹೇಳಿದುದೇನು? ನಂಜುಂಡನು ೧೬ನೆಯ ಶತಮಾನದಲ್ಲಿ, ಘಟನೆ ನಡೆದು ಸುಮಾರು ಇನ್ನೂರು ವರ್ಷಗಳ ತರುವಾಯ, ರಾಮನಾಥನ ಚರಿತೆಯನ್ನು ಸಾಂಗತ್ಯದಲ್ಲಿ ಹಾಡಿದನು. ಪಾಂಚಾಳ ಗಂಗನೇ ಮೊದಲಾದವರೂ ಇದೇ ವಸ್ತುವನ್ನು ಎತ್ತಿಕೊಂಡರು. ಇವರ ಕಾವ್ಯಗಳಲ್ಲಿ ಕಥೆಯ ನಾಯಕನು ಕಂಪಿಲರಾಯನಲ್ಲ. ಅವನ ಮಗನಾದ ಕುಮಾರರಾಮ. ಚೆಂಡಾಟವಾಡುವಾಗ ರಾಮನ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ಅದನ್ನು ತರಹೋದ ರಾಮನಿಗೆ ಅವಳು ಮನಸೋಲುತ್ತಾಳೆ; ಅವನು ನಿರಾಕರಿಸಲು, ಅವನ ಮೇಲೆಯೇ ಅಪವಾದವನ್ನು ಹೊರಿಸುತ್ತಾಳೆ. ಕಂಪಿಲನು ಮಗನ ತಲೆಯನ್ನು ತರಲು ಆಜ್ಞಾಪಿಸುತ್ತಾನೆ. ಮಂತ್ರಿ ಬೈಚಪ್ಪನು ರಾಮನನ್ನು ನೆಲಮಾಳಿಗೆಯಲ್ಲಿ ಅಡಗಿಸಿ ಕಾಪಾಡುತ್ತಾನೆ. ರಾಮನು ಸತ್ತನೆಂದು ತಿಳಿದು ದಿಲ್ಲಿಯ ಸೇನೆಯು ಮುತ್ತುತ್ತದೆ. ಸಂಕಟದ ಗಳಿಗೆಯಲ್ಲಿ ಅವನು ಹೊರಬಂದು ಅದನ್ನು ಓಡಿಸುತ್ತಾನೆ. ಕೊನೆಗೆ ಮಾತಂಗಿಯೆಂಬ ಹೆಣ್ಣಿನ ಮುಂದಾಳುತನದಲ್ಲಿ ಬಂದ ದಂಡಿನೊಡನೆ ಹೋರಾಡಿ ಮಡಿಯುತ್ತಾನೆ. 'ಪರನಾರೀಸಹೋದರ'ನೆಂಬ ಬಿರುದು ಜನರ ಬಾಯಲ್ಲಿ ಅವನ ಹೆಸರಿಗೆ ಅಂಟಿಕೊಂಡಿದೆ.

ಪಾರಸಿ ಗ್ರಂಥಗಳಲ್ಲಿ ರತ್ನಾಜಿಯೂ ಇಲ್ಲ, ಮಾತಂಗಿಯೂ ಇಲ್ಲ. ಮಲತಾಯಿಯ ಮೋಹದ ಈ ವಸ್ತುವು ಲೋಕದ ಅನೇಕ ಸಾಹಿತ್ಯಗಳಲ್ಲಿ ಕಾಣುವಂಥದು: ಯವನರ ಹಿಪೊಲಿಟಸ್ ಮತ್ತು ಫೀಡ್ರಾ, ಅಶೋಕನ ಮಗ ಕುಣಾಲ ಮತ್ತು ತಿಷ್ಯರಕ್ಷೆ, ತೆಲುಗಿನ ಸಾರಂಗಧರ. ಒಂದು ಊರಿನ ದುಃಖಕ್ಕೆ ಸಿದ್ಧವಾದ ಹಳೆಯ ಕಥೆಯೊಂದು ಹೊದಿಕೆಯಾಗಿ ಬಂದಿದೆಯೆಂದು ತೋರುತ್ತದೆ. ಇಲ್ಲಿ ಒಂದು ಸಂಗತಿಯನ್ನು ನಾವು ಸ್ಪಷ್ಟವಾಗಿ ಹೇಳಬೇಕು. ಶಾಸನವಾಗಲಿ ಸಮಕಾಲೀನ ಗ್ರಂಥವಾಗಲಿ ಕುಮ್ಮಟದ ಯಾವ ಹೆಣ್ಣಿನ ಮೇಲೂ ಕೋಟೆಯ ಪತನದ ಹೊಣೆಯನ್ನು ಹೊರಿಸಿಲ್ಲ. ಸಮಕಾಲೀನ ಸಾಕ್ಷ್ಯವು ಆ ಕೋಟೆಯ ಹೆಂಗಸರ ವಿಷಯವಾಗಿ ಹೇಳುವುದು ಅವರು ಬೆಂಕಿಗೆ ಬಿದ್ದುದನ್ನು ಮಾತ್ರ. ಇನ್ನೂರು ವರ್ಷಗಳ ಅವಧಿಯಲ್ಲಿ ಬೆಂಕಿಗೆ ಬಿದ್ದವರ ನೆನಪು ಮಾಸಿ, ಒಬ್ಬ ಮೋಹಿನಿಯ ಕಥೆಯು ಮೇಲೆದ್ದಿತು. ಜನಸ್ಮೃತಿಯು ಯಾರನ್ನು ಉಳಿಸುತ್ತದೆ, ಯಾರನ್ನು ಮರೆಯುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಹೀಗೆಂದು ಕಾವ್ಯವನ್ನು ಚರಿತ್ರೆಯ ಅಂಗಳದಿಂದ ಹೊರಗೆ ದೂಡುವುದು ನ್ಯಾಯವಲ್ಲ. ದಿಲ್ಲಿಯ ಸುರತಾಳನಿಗೆ ಬೇಡವಾದ 'ಬಾದೂರ'ನೆಂಬವನಿಗೆ ರಾಮನಾಥನು ಆಶ್ರಯವನ್ನಿತ್ತನೆಂಬ ಪ್ರಸಂಗವು ಕಾವ್ಯದಲ್ಲಿ ಉಂಟು. ಈ ಬಾದೂರನೇ ಬಹಾಉದ್ದೀನನೆಂದು ತಿಳಿಯಲು ಅಡ್ಡಿಯಿಲ್ಲ. ಪಾರಸಿ ಗ್ರಂಥಗಳನ್ನು ಓದದ ಕನ್ನಡದ ಕವಿಗೆ ಈ ಹೆಸರು ಬಂದುದು ಜನರ ನಾಲಗೆಯಿಂದಲೇ ಇರಬೇಕು. ಆಶ್ರಯದ ಸಂಗತಿಯನ್ನು ಜನರು ಮರೆಯಲಿಲ್ಲ. ಅದು ಕಥೆಯ ನಡುವಿನಿಂದ ಅಂಚಿಗೆ ಸರಿಯಿತು, ಅಷ್ಟೆ. ಕಂಪಿಲಿಯ ಇತಿಹಾಸವನ್ನು ೧೯೨೯ರಲ್ಲಿ ಪ್ರತ್ಯೇಕ ಗ್ರಂಥವಾಗಿ ಬರೆದ ಎನ್. ವೆಂಕಟರಮಣಯ್ಯನವರು ಇಂಥ ಸ್ಥಳೀಯ ಪರಂಪರೆಗಳನ್ನು ಪಾರಸಿ ಗ್ರಂಥಗಳೊಡನೆ ಹೋಲಿಸಿ ನೋಡುವ ದಾರಿಯನ್ನು ತೋರಿಸಿದರು.

ಪೋರ್ತುಗೀಸರ ಸಾಕ್ಷಿಯೊಂದೂ ಇದೆ. ೧೫೩೫ರ ಸುಮಾರಿನಲ್ಲಿ ವಿಜಯನಗರದಲ್ಲಿದ್ದ ಕುದುರೆವ್ಯಾಪಾರಿ ಫೆರ್ನಾವ್ ನೂನಿಜನು ತನ್ನ ವೃತ್ತಾಂತವನ್ನು ಈ ಮುತ್ತಿಗೆಯಿಂದಲೇ ಆರಂಭಿಸುತ್ತಾನೆ. ಅವನು 'ಕ್ರಿನಮತ' ಎಂದು ಕರೆಯುವ ಕೋಟೆಯಲ್ಲಿ ಕುಮ್ಮಟದ ಹೆಸರಿನ ಧ್ವನಿಯು ಕೇಳುತ್ತದೆ. ಅವನ ಕಥೆಯಲ್ಲಿ ಯುದ್ಧವು ಹನ್ನೆರಡು ವರ್ಷ ನಡೆಯುತ್ತದೆ, ಅಂತಃಪುರದವರು ಮಡಿಯುತ್ತಾರೆ, ಕೊನೆಗೆ ಆರು ಮಂದಿ ಮುದುಕರು ಮಾತ್ರ ಉಳಿಯುತ್ತಾರೆ, ಅವರಲ್ಲಿ ಒಬ್ಬನು ಮಂತ್ರಿ, ಮತ್ತೊಬ್ಬನು ಬೊಕ್ಕಸದವನು. ಆ ಮಂತ್ರಿಯೇ ಮುಂದೆ ದೊರೆಯಾದನೆಂದು ಅವನು ಹೇಳುತ್ತಾನೆ. ಹನ್ನೆರಡು ವರ್ಷವೆಂಬುದು ಕಥೆಯ ಲೆಕ್ಕವೇ ಹೊರತು ಚರಿತ್ರೆಯದಲ್ಲ. ಆದರೆ ಕೃಷ್ಣದೇವರಾಯನ ಕಾಲವು ಮುಗಿದ ಮೇಲೆಯೂ ರಾಜಧಾನಿಯ ಜನರು ತಮ್ಮ ನಗರದ ಕಥೆಯನ್ನು ಕುಮ್ಮಟದ ಪತನದಿಂದಲೇ ಮೊದಲುಮಾಡುತ್ತಿದ್ದರೆಂಬುದು ಇದರಿಂದ ನಮಗೆ ದೊರೆಯುವ ಬೆಲೆಯುಳ್ಳ ಸಂಗತಿ.

೬

ಇನ್ನು ಮೂಲಪ್ರಶ್ನೆಗೆ ಹಿಂದಿರುಗೋಣ. ಸೇನೆಯ ಬಲದಿಂದ ಎರಡು ಬಾರಿ ಬೀಳದ ಕೋಟೆಯು ಮೂರನೆಯ ಬಾರಿ ಏಕೆ ಬಿದ್ದಿತು? ಇಬ್ನ್ ಬತೂತನ ಒಂದು ಮಾತು ಇಲ್ಲಿ ದಾರಿದೀಪವಾಗಿದೆ: ಧಾನ್ಯವು ಮುಗಿಯಿತು. ನೆಲದ ಲಕ್ಷಣವನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಈ ಸೀಮೆಯ ಬೆಟ್ಟಗಳು ಕಣಶಿಲೆಯ ದೊಡ್ಡ ದೊಡ್ಡ ಗುಂಡುಗಳು ಒಂದರ ಮೇಲೊಂದು ಪೇರಿಸಿದಂತೆ ಇರುವಂಥವು. ಇಂಥ ಬೆಟ್ಟದಲ್ಲಿ ಕೋಟೆಯನ್ನು ಕಟ್ಟುವವನ ಕೆಲಸವನ್ನು ಅರ್ಧಕ್ಕೂ ಮೇಲೆ ಪ್ರಕೃತಿಯೇ ಮಾಡಿಕೊಟ್ಟಿರುತ್ತದೆ. ಬಂಡೆಗಳ ನಡುವಣ ಸಂದುಗಳನ್ನು ಗೋಡೆಯಿಂದ ಮುಚ್ಚಿ, ಕಣಿವೆಯ ಬಾಯಿಗೆ ಬಾಗಿಲನ್ನಿಟ್ಟರೆ ಕುದುರೆಯ ದಂಡಿಗೆ ಅದು ದುರ್ಗಮ. ಆದರೆ ಬಂಡೆಯು ಶತ್ರುವನ್ನು ತಡೆಯಬಲ್ಲುದೇ ಹೊರತು ಬೆಳೆಯನ್ನು ಕೊಡಲಾರದು. ಅನ್ನವು ಬರಬೇಕಾದುದು ಬೆಟ್ಟದ ಕೆಳಗಿನ ಬಯಲಿನಿಂದ, ನದಿಯ ಬದಿಯಿಂದ. ಬಯಲು ಶತ್ರುವಿನ ಕೈಗೆ ಹೋದ ದಿನದಿಂದ ಕೋಟೆಯ ಆಯುಷ್ಯವು ಅದರ ಕಣಜದ ಆಳದಷ್ಟೆ.

ಕಡಲ ಕೋಟೆಗಳೊಡನೆ ಹೋಲಿಸಿದರೆ ಈ ಭೇದವು ಚೆನ್ನಾಗಿ ಮನದಟ್ಟಾಗುತ್ತದೆ. ಕೊಂಕಣ ತೀರದ ಜಂಜೀರೆಯು ದ್ವೀಪದ ಮೇಲಿನ ಕೋಟೆ. ೧೭ನೆಯ ಶತಮಾನದಲ್ಲಿ ಮರಾಠರು ಅದನ್ನು ಮತ್ತೆ ಮತ್ತೆ ಮುತ್ತಿದರೂ ಗೆಲ್ಲಲಾರದೆ ಹೋದರು. ನೆಲದ ಕಡೆಯಿಂದ ಎಷ್ಟೇ ಬಿಗಿಯಾದ ಮುತ್ತಿಗೆಯಾದರೂ, ಅದರ ಒಡೆಯರಿಗೆ ನೌಕಾಬಲವಿದ್ದುದರಿಂದ, ಕಡಲಿನ ಬಾಗಿಲು ತೆರೆದಿರುತ್ತಿತ್ತು. ಅಲ್ಲಿ ನೀರು ಏಕಕಾಲದಲ್ಲಿ ಕಂದಕವೂ ಹೌದು, ರಾಜಮಾರ್ಗವೂ ಹೌದು. ಒಳನಾಡಿನ ಬೆಟ್ಟದ ಕೋಟೆಗೆ ಅಂಥ ಹಿಂಬಾಗಿಲಿಲ್ಲ. ಕುಮ್ಮಟವು ಬಿದ್ದ ಮೇಲೆ ಕಂಪಿಲನು ಹೊಸದುರ್ಗಕ್ಕೆ ಸರಿದುದನ್ನು ಇಸಾಮಿಯು ಹೇಳುತ್ತಾನಷ್ಟೆ. ಅದು ಆನೆಗೊಂದಿಯೇ ಆಗಿದ್ದರೆ, ಅವನು ಒಣಬೆಟ್ಟವನ್ನು ಬಿಟ್ಟು ನದಿಯ ಆಸರೆಯನ್ನು ಅರಸಿದನೆಂದು ಅರ್ಥವಾಗುತ್ತದೆ. ಆದರೆ ಕಾಲವು ಮೀರಿದ್ದಿತು.

ಇಲ್ಲಿ ನಾವು ಒಂದು ಅಭಿಪ್ರಾಯವನ್ನು ವಿದ್ವಾಂಸರ ಪರಿಶೀಲನೆಗಾಗಿ ಮುಂದಿಡಬಯಸುತ್ತೇವೆ. ಕುಮ್ಮಟದ ಪತನವಾದ ಕೆಲವೇ ವರ್ಷಗಳಲ್ಲಿ ಸಂಗಮನ ಮಕ್ಕಳು ಇದೇ ಸೀಮೆಯಲ್ಲಿ ತಲೆಯೆತ್ತಿದರು. ಹರಿಹರ ಬುಕ್ಕರು ಕಂಪಿಲನ ಸೇವೆಯಲ್ಲಿದ್ದು ಸೆರೆಯಾಗಿ ದಿಲ್ಲಿಗೆ ಹೋಗಿ ಬಂದವರೆಂದು ಒಂದು ಪರಂಪರೆ ಹೇಳುತ್ತದೆ; ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಆ ವಾದವನ್ನು ನಾವಿಲ್ಲಿ ಪ್ರವೇಶಿಸುವುದಿಲ್ಲ. ಅವರು ಯಾರೇ ಆಗಿರಲಿ, ಕುಮ್ಮಟದ ಗತಿಯು ಅವರ ಕಣ್ಣ ಮುಂದಿನ ಪಾಠವಾಗಿದ್ದಿತು. ಅವರ ಆಳಿಕೆಯ ಮೊದಲ ಸಾಕ್ಷ್ಯಗಳಲ್ಲಿ ಒಂದಾದ ೧೩೪೦ರ ಸುಮಾರಿನ ಬಾದಾಮಿಯ ಶಾಸನವು ಹರಿಹರನ ಕಾಲದಲ್ಲಿ ಅಲ್ಲಿ ಕೋಟೆಯನ್ನು ಕಟ್ಟಿಸಿದುದನ್ನೇ ತಿಳಿಸುತ್ತದೆ. ೧೩೪೬ರಲ್ಲಿ ಐವರು ಸಹೋದರರು ಶೃಂಗೇರಿಯಲ್ಲಿ ಸೇರಿ ದಾನವನ್ನು ಮಾಡುವ ಹೊತ್ತಿಗೆ ರಾಜ್ಯವು ನೆಲೆನಿಂತಿದ್ದಿತು. ಅನಂತರ ಬೆಳೆದ ರಾಜಧಾನಿಯ ರಚನೆಯನ್ನು ನೋಡಿರಿ. ಅದು ಬೆಟ್ಟದ ತುದಿಯ ಕೋಟೆಯಲ್ಲ. ನದಿಯನ್ನು ಉತ್ತರದ ಕಂದಕವಾಗಿ ಇಟ್ಟುಕೊಂಡು, ದಕ್ಷಿಣ ದಡದಲ್ಲಿ, ಬೆಟ್ಟಸಾಲುಗಳನ್ನು ಗೋಡೆಗಳಿಂದ ಒಂದಕ್ಕೊಂದು ಹೆಣೆದು, ನಡುವಣ ಕಣಿವೆಗೆ ಕಾಲುವೆಯ ನೀರನ್ನು ಹರಿಸಿ, ಗದ್ದೆಗಳನ್ನೇ ಕೋಟೆಯೊಳಗೆ ಸೇರಿಸಿಕೊಂಡ ನಗರವದು. ೧೪೪೩ರಲ್ಲಿ ಅಲ್ಲಿಗೆ ಬಂದ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು ಏಳು ಸುತ್ತಿನ ಕೋಟೆಯನ್ನು ವರ್ಣಿಸುತ್ತ, ಹೊರಗಿನ ಸುತ್ತುಗಳ ನಡುವೆ ಸಾಗುವಳಿಯ ಹೊಲಗಳೂ ಮನೆಗಳೂ ತೋಟಗಳೂ ಇದ್ದುವೆಂದು ಹೇಳಿದ್ದಾನೆ.

ಗೋಡೆಯೊಳಗೆ ಗದ್ದೆ! ಕುಮ್ಮಟದಲ್ಲಿ ಇಲ್ಲದಿದ್ದುದು ಇದೇ. ಇದು ಕೇವಲ ಊಹೆಯೆಂಬುದನ್ನು ನಾವು ಮರೆಮಾಚುವುದಿಲ್ಲ. ವಿಜಯನಗರದ ಯಾವ ಶಾಸನವೂ ಕುಮ್ಮಟದ ಹಸಿವನ್ನು ನೆನೆದು ಈ ಕಾಲುವೆಯನ್ನು ತೋಡಿಸಿದೆವೆಂದು ಹೇಳುವುದಿಲ್ಲ. ಆದರೆ ಸೋತ ಕೋಟೆಗೂ ಗೆದ್ದ ನಗರಕ್ಕೂ ನಡುವೆ ಇರುವುದು ಕೆಲವೇ ಹರದಾರಿಗಳು, ಕೆಲವೇ ವರ್ಷಗಳು. ಒಂದರ ಕೊರತೆಯೇ ಮತ್ತೊಂದರ ಲಕ್ಷಣವಾಗಿ ಕಾಣುವುದು ಆಕಸ್ಮಿಕವೆಂದು ಹೇಳುವುದು ಕಷ್ಟ.

೭

ನಮ್ಮ ವಿಚಾರದ ಫಲವನ್ನು ಹೀಗೆ ಸಂಗ್ರಹಿಸಬಹುದು. ಕುಮ್ಮಟದುರ್ಗವು ಒಬ್ಬ 'ಪಾಪಿ' ಹೆಣ್ಣಿನಿಂದ ಬಿದ್ದುದಲ್ಲ. ವೀರರ ಕೊರತೆಯಿಂದಲೂ ಬಿದ್ದುದಲ್ಲ. ಅಲ್ಲಿಯ ಅರಸನು ಶರಣುಬಂದವನನ್ನು ಬಿಟ್ಟುಕೊಡಲಿಲ್ಲ. ತನಗಿಂತ ಅನೇಕ ಮಡಿ ದೊಡ್ಡದಾದ, ಸೋತರೆ ಮತ್ತೆ ಬಲವನ್ನು ತರಿಸಬಲ್ಲ ಶತ್ರುವನ್ನು ಅವನು ಎದುರಿಸಿದನು. ಅವನ ಬೆಟ್ಟವು ಶತ್ರುವನ್ನು ತಡೆಯಿತು, ಹಸಿವನ್ನು ತಡೆಯಲಾರದೆ ಹೋಯಿತು. ಕಾವ್ಯವು ಈ ಘಟನೆಯಲ್ಲಿ ಶೀಲದ ಪರೀಕ್ಷೆಯನ್ನು ಕಂಡಿತು. ಚರಿತ್ರೆಯು ಅದರಲ್ಲಿ ಆಶ್ರಯಧರ್ಮದ ಬೆಲೆಯನ್ನೂ ಕಣಜದ ಲೆಕ್ಕವನ್ನೂ ಕಾಣುತ್ತದೆ. ಎರಡೂ ಉಳಿಯಲಿ, ಆದರೆ ಒಂದನ್ನು ಮತ್ತೊಂದೆಂದು ತಿಳಿಯದಿರುವ ವಿವೇಕವು ನಮ್ಮಲ್ಲಿರಬೇಕು.

ಇಂದು ಕುಮಾರರಾಮನನ್ನು ತಮ್ಮವನೆಂದು ಹೇಳುವ ಸಮುದಾಯಗಳು ಕರ್ನಾಟಕದಲ್ಲಿ ಹಲವು ಇವೆ. ಅವನ ಕಥೆಯನ್ನು ಹಾಡುವವರು ಅವನ ಬೆಟ್ಟದಿಂದ ನೂರಾರು ಮೈಲಿ ದೂರದಲ್ಲಿಯೂ ಇದ್ದಾರೆ. ಹಂಪೆಗೆ ಬರುವ ಯಾತ್ರಿಕರಲ್ಲಿ ನದಿಯನ್ನು ದಾಟಿ ಕುಮ್ಮಟದ ಕಡೆಗೆ ಬರುವವರು ಮಾತ್ರ ವಿರಳ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಕಾಲೇಜುಗಳಲ್ಲಿ ಚರಿತ್ರೆಯನ್ನು ಓದುವ ವಿದ್ಯಾರ್ಥಿಗಳಿಗೆ ಈ ಬೆಟ್ಟವು ದೂರದ್ದಲ್ಲ. ಅಧ್ಯಾಪಕರು ಅವರನ್ನು ಒಮ್ಮೆ ಅಲ್ಲಿಗೆ ಕರೆದೊಯ್ದು, ಮುರಿದ ಗೋಡೆಯ ಮೇಲೆ ನಿಲ್ಲಿಸಿ, ಕೆಳಗಿನ ಬಯಲನ್ನು ತೋರಿಸಿ, ಇಷ್ಟು ಜನರಿಗೆ ಅನ್ನವು ಎಲ್ಲಿಂದ ಬರುತ್ತಿತ್ತು ಎಂಬ ಒಂದೇ ಪ್ರಶ್ನೆಯನ್ನು ಕೇಳಲಿ. ಪಠ್ಯಗ್ರಂಥದ ಎರಡು ಮೂರು ಪಂಕ್ತಿಗಳ ಹಿಂದೆ ಏನಿದೆಯೆಂಬುದು ಆಗ ಅವರಿಗೆ ತಾನಾಗಿ ತಿಳಿಯುವುದು. ಆ ಬೆಂಕಿಗೆ ಬಿದ್ದವರ ಹೆಸರುಗಳು ಯಾವ ಶಾಸನದಲ್ಲಿಯೂ ಇಲ್ಲ. ಅವರ ವಿಷಯವಾಗಿ ಸುಳ್ಳನ್ನು ಹೇಳದಿರುವುದು ಚರಿತ್ರಕಾರನು ಅವರಿಗೆ ಸಲ್ಲಿಸಬಹುದಾದ ಕನಿಷ್ಠ ಗೌರವ.